ಒಂದು ದಿನದ ಕೋಳಿಮರಿಗೆ ಎಂಥ ನೀರು, ಎಷ್ಟು, ಯಾವುದರಲ್ಲಿ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಹಳೇ ಕೊಟ್ಟಿಗೆ ಸರಿಮಾಡಿ ಜನವರಿಯಲ್ಲಿ 100 ಗಿರಿರಾಜ ಮರಿ ತಂದು ಬಿಟ್ಟಿದ್ದೆವು. ಮೊದಲ ಆರು ದಿನದಲ್ಲೇ 19 ಸತ್ತವು. ಎರಡು ಸ್ಟೀಲ್ ತಟ್ಟೆಯಲ್ಲಿ ಬಾವಿ ನೀರು ಇಟ್ಟಿದ್ದೆವು, ಮೂರು ದಿನ ಬೆಲ್ಲ ಹಾಕಿ ಕೊಟ್ಟೆವು. ಬೆಳಗ್ಗೆ ನೋಡಿದರೆ ಕೆಲವು ಮರಿ ತಟ್ಟೆ ಪಕ್ಕ ಒದ್ದೆಯಾಗಿ ಬಿದ್ದಿರುತ್ತಿದ್ದವು. ಇನ್ನು ಕೆಲವಕ್ಕೆ ಹಿಂದೆ ಹಿಕ್ಕೆ ಅಂಟಿಕೊಂಡಿತ್ತು. ನೀರು ಕುದಿಸಿ ಕೊಡಿ ಅಂತ ಒಬ್ಬರು, ಪೊಟ್ಯಾಶ್ ಹಾಕಿ ಅಂತ ಇನ್ನೊಬ್ಬರು ಹೇಳುತ್ತಾರೆ. ಮಳೆ ಹಿಡಿಯುವ ಹೊತ್ತಿಗೆ ಇನ್ನೊಂದು ಬ್ಯಾಚ್ ತರುವವರಿದ್ದೇವೆ. ಏನು ಮಾಡಬೇಕು?

ಉತ್ತರ: 19 ಮರಿಯೂ ಒಂದೇ ಕಾರಣಕ್ಕೆ ಸತ್ತಿಲ್ಲ. ತಟ್ಟೆ ಪಕ್ಕ ಒದ್ದೆಯಾಗಿ ಬಿದ್ದಿದ್ದವು ನೀರಿಗಿಳಿದು, ಮೈ ನೆಂದು, ಚಳಿಗೆ ಸತ್ತವು. ಹಿಂದೆ ಹಿಕ್ಕೆ ಅಂಟಿದ್ದರಲ್ಲಿ ಮೂರು ದಿನದ ಬೆಲ್ಲದ ನೀರಿಗೂ ರಾತ್ರಿಯ ಚಳಿಗೂ ಪಾಲಿದೆ. ಹೊಕ್ಕುಳು ಒಣಗದೆ, ಹೊಟ್ಟೆ ಉಬ್ಬಿ ಸತ್ತ ಮರಿಗಳೂ ಇದ್ದಿದ್ದರೆ ಆ ಸೋಂಕು ಹೆಚ್ಚಾಗಿ ಮೊಟ್ಟೆ ಒಡೆಯುವ ಹೊತ್ತಿಗೇ ತಗುಲಿರುತ್ತದೆ. ನೀರು ಎಷ್ಟು ಚೆನ್ನಾಗಿದ್ದರೂ ಅವು ಉಳಿಯುವುದು ಕಷ್ಟ. ಮೊದಲ ವಾರದಲ್ಲಿ 100ಕ್ಕೆ ಎರಡು ಮೂರು ಹೋಗುವುದು ಸಾಮಾನ್ಯ. ಅದಕ್ಕಿಂತ ಹೆಚ್ಚು ಹೋದದ್ದರಲ್ಲಿ ಬಹುಪಾಲನ್ನು ನೀವು ತಡೆಯಬಹುದು.

ಬಾವಿಯಲ್ಲಿ ನೀರು ಶುದ್ಧವಾಗಿದೆಯೇ ಎಂದು ಎಲ್ಲರೂ ಕೇಳುತ್ತಾರೆ, ಕೇಳಬೇಕಾದ್ದೇ. ಆದರೆ ನೂರು ಮರಿ ಎರಡು ಗಂಟೆ ತುಳಿದು, ಹಿಕ್ಕೆ ಹಾಕಿ, ನೆಲಕ್ಕೆ ಹಾಸಿದ ಹೊಟ್ಟು ಕೆದರಿದ ಮೇಲೆ ಕೊಕ್ಕು ತಾಗುವ ಜಾಗದಲ್ಲಿ ಆ ನೀರು ಹೇಗಿದೆ ಎಂದು ಕೇಳುವವರು ಕಡಿಮೆ. ಮರಿಗಳು ಸಾಯುವುದು ಅಲ್ಲಿ. ಬ್ರೂಡರ್, ಅಂದರೆ ಬಲ್ಬ್ ಹಾಕಿ ಮರಿಗೆ ಶಾಖ ಕೊಡುವ ಆವರಣ, ಅದರ ಒಳಗೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಆಸುಪಾಸು ಶಾಖ ಇರುತ್ತದೆ. ಆ ಶಾಖದಲ್ಲಿ ಹಿಕ್ಕೆ ಬಿದ್ದ ನೀರು ಅರ್ಧ ದಿನ ನಿಂತರೆ ಸಾಕು, ಬಾವಿಯಿಂದ ತಂದ ಒಳ್ಳೆಯ ನೀರೂ ಕೊಚ್ಚೆಯಷ್ಟೇ ಕೆಟ್ಟದ್ದಾಗುತ್ತದೆ.

ಅದಕ್ಕೇ ಮೊದಲು ಪಾತ್ರೆಯ ವಿಷಯ. ಆ ಸ್ಟೀಲ್ ತಟ್ಟೆಗಳನ್ನು ಅಡುಗೆಮನೆಗೆ ವಾಪಸು ಕಳಿಸಿ. ಅಂಗಡಿಯಲ್ಲಿ ಸಿಗುವ ಮರಿ ಡ್ರಿಂಕರ್, ಅಂದರೆ ಕೆಳಗೆ ತಟ್ಟೆ, ಮೇಲೆ ಬೋರಲು ಹಾಕಿದ ಡಬ್ಬ ಇರುವಂಥದ್ದು, ಮೊದಲ ಎರಡು ವಾರಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಡಬ್ಬದ ಬಾಯಿಯ ಹತ್ತಿರ ಒಂದು ಸಣ್ಣ ತೂತು ಇರುತ್ತದೆ. ತಟ್ಟೆಯಲ್ಲಿ ನೀರು ಆ ತೂತನ್ನು ಮುಚ್ಚುವವರೆಗೆ ಏರಿ ನಿಲ್ಲುತ್ತದೆ. ಮರಿ ಕುಡಿದು ಮಟ್ಟ ಇಳಿದಾಗ ತೂತಿನಿಂದ ಗಾಳಿ ಒಳಗೆ ಹೋಗಿ ಅಷ್ಟೇ ನೀರು ಕೆಳಗಿಳಿಯುತ್ತದೆ. ತೂತು ತಟ್ಟೆಯ ಅಂಚಿಗಿಂತ ಕೆಳಗಿರಬೇಕು, ಮೇಲಿದ್ದರೆ ಡಬ್ಬದ ನೀರೆಲ್ಲ ಹೊಟ್ಟಿಗೆ ಸುರಿಯುತ್ತದೆ. ಡಬ್ಬದ ಮೇಲ್ಭಾಗದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೀಗೇ ಆಗುತ್ತದೆ. ಕೊಟ್ಟಿಗೆಯ ನೆಲ ಓರೆಯಿದ್ದರೆ ಒಂದು ಕಡೆಯಿಂದ ಸೋರುತ್ತಲೇ ಇರುತ್ತದೆ. ಹೊಸ ಡ್ರಿಂಕರ್ ತಂದ ದಿನ ನೀರು ತುಂಬಿಸಿ, ಕೆಳಗೆ ಒಣ ಪೇಪರ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಪೇಪರ್ ಒಣಗಿದ್ದರೆ ಮಾತ್ರ ಮರಿಗೆ ಇಡಿ.

ಮನೆಯಲ್ಲೇ ಮಾಡಿಕೊಳ್ಳುವುದಾದರೆ ಒಂದೂವರೆ ಲೀಟರ್ ಹಿಡಿಯುವ, ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ಬಾಯಿಯ ಅಂಚಿನಿಂದ 1 ಸೆಂಟಿಮೀಟರ್ ಮೇಲೆ ಕಾಯಿಸಿದ ಮೊಳೆಯಿಂದ ಒಂದು ತೂತು ಮಾಡಿ. ಕೆಳಗಿಡುವ ತಟ್ಟೆಯ ಅಂಚು 2 ಸೆಂಟಿಮೀಟರ್ ಎತ್ತರವಿರಲಿ, ಡಬ್ಬಕ್ಕಿಂತ 4ರಿಂದ 5 ಸೆಂಟಿಮೀಟರ್ ಮಾತ್ರ ಅಗಲವಿರಲಿ. ಆಗ ಸುತ್ತಲೂ ಎರಡು ಬೆರಳಗಲದ ಕಾಲುವೆ ಉಳಿಯುತ್ತದೆ: ಮರಿಯ ತಲೆ ಹೋಗುತ್ತದೆ, ಮೈ ಹೋಗುವುದಿಲ್ಲ. ಮೊದಲ ನಾಲ್ಕೈದು ದಿನ ಆ ಕಾಲುವೆಯೊಳಗೆ ಗೋಲಿ ಅಥವಾ ಚೆನ್ನಾಗಿ ತೊಳೆದ ಹೊಳೆಗಲ್ಲು ಸುರಿದರೆ ಮರಿ ಕಾಲಿಟ್ಟರೂ ನೆನೆಯುವುದಿಲ್ಲ. ಪ್ರತಿ ಸಲ ಡ್ರಿಂಕರ್ ತೊಳೆಯುವಾಗ ಕಲ್ಲನ್ನೂ ತೊಳೆಯಬೇಕು, ಲೋಳೆ ಹೆಚ್ಚು ಹಿಡಿಯುವುದು ಅದಕ್ಕೇ. ಅಡಿಕೆ ಹಾಳೆ, ತೆಂಗಿನ ಚಿಪ್ಪು ಬೇಡ. ಹಾಳೆ ಒಂದೇ ದಿನಕ್ಕೆ ಜಾರಲು ಶುರುವಾಗುತ್ತದೆ, ಚಿಪ್ಪು ಮಗುಚಿಕೊಳ್ಳುತ್ತದೆ.

50 ಮರಿಗೆ ಒಂದು ಡ್ರಿಂಕರ್ ಎನ್ನುವುದು ಕನಿಷ್ಠ ಲೆಕ್ಕ. ನಿಮ್ಮ 100ಕ್ಕೆ ಮೂರು ಇಡಿ. ರಾತ್ರಿ ಒಂದು ಸೋರಿ ಖಾಲಿಯಾದರೂ ಇನ್ನೆರಡು ಇರುತ್ತವೆ. ಬಲ್ಬಿನ ನೇರ ಕೆಳಗೆ ಇಡಬೇಡಿ, ಬೆಚ್ಚಗಿನ ವೃತ್ತದ ಅಂಚಿನಲ್ಲಿಡಿ. ಬಲ್ಬಿನಡಿ ನೀರು ಬಿಸಿಯಾಗಿ ಮರಿ ಮುಟ್ಟುವುದಿಲ್ಲ. ತೀರ ದೂರ ಇಟ್ಟರೆ ಚಳಿಗೆ ಹೆದರಿ ಅಲ್ಲಿಗೆ ಹೋಗುವುದೇ ಇಲ್ಲ. ಬ್ರೂಡರ್‌ನ ಯಾವ ಮೂಲೆಯ ಮರಿಯೂ ನೀರಿಗಾಗಿ ಮೂರು ಅಡಿಗಿಂತ ಹೆಚ್ಚು ನಡೆಯುವಂತಿರಬಾರದು. ಮೊದಲ ಮೂರು ದಿನ ಡ್ರಿಂಕರನ್ನು ಮಟ್ಟಸವಾದ ಸಣ್ಣ ಹಲಗೆಯ ಮೇಲೆ, ನೆಲಕ್ಕೆ ಸಮನಾಗಿ ಇಡಿ. ಆಮೇಲೆ ತಟ್ಟೆಯ ಅಂಚು ಮರಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ಏರಿಸುತ್ತಾ ಹೋಗಿ. ಎತ್ತರ ಸರಿಯಿದ್ದರೆ ಹೊಟ್ಟು ಕೆದರಿ ನೀರಿಗೆ ಬೀಳುವುದು ಅರ್ಧಕ್ಕರ್ಧ ನಿಲ್ಲುತ್ತದೆ.

ಈಗ ನೀರು. ನಿಮ್ಮ ಕಡೆಯ ತೆರೆದ ಬಾವಿಗೆ ವರ್ಷದಲ್ಲಿ ಎರಡು ಕೆಟ್ಟ ಕಾಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಪಲ್ಪಿಂಗ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಕೆಲಸ ನಡೆಯುವಾಗ ಸಿಪ್ಪೆಯ ನೀರು ಹಳ್ಳಕ್ಕೆ, ಹಳ್ಳದಿಂದ ತಗ್ಗಿನ ಬಾವಿಗೆ ಇಂಗುತ್ತದೆ. ನೀವು ಜನವರಿಯಲ್ಲಿ ಮರಿ ಬಿಟ್ಟದ್ದು ಸರಿಯಾಗಿ ಆ ಹೊತ್ತಿಗೆ. ಇನ್ನೊಂದು, ಮುಂಗಾರಿನ ಮೊದಲ ಜೋರು ಮಳೆ: ತೋಟದ ಗೊಬ್ಬರ, ಕೊಟ್ಟಿಗೆಯ ತೊಳೆನೀರು ಎಲ್ಲ ಬಾವಿ ಕಟ್ಟೆಯ ಸುತ್ತ ಬಂದು ನಿಲ್ಲುತ್ತದೆ. ಗುಡ್ಡದಿಂದ ಪೈಪ್‌ನಲ್ಲಿ ಬರುವ ಅಬ್ಬಿ ನೀರು ಎಷ್ಟೇ ತಿಳಿಯಾಗಿ ಕಂಡರೂ ಅದಕ್ಕೂ ಇದೇ ಮಾತು. ಮರಿ ತರುವ ಹದಿನೈದು ದಿನ ಮೊದಲು ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಗಳಿಗೆ ಮನೆ ಮನೆಗೆ ಗಂಗೆ ಯೋಜನೆಯಲ್ಲಿ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ. ಅದರಲ್ಲಿ ಮಲದ ಸೋಂಕು ತಿಳಿಯುವ ಸಣ್ಣ ಬಾಟಲಿ ಇರುತ್ತದೆ: ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಟ್ಟಾಗ ಕಪ್ಪಗಾದರೆ ಆ ನೀರನ್ನು ಹಾಗೇ ಕೊಡುವಂತಿಲ್ಲ. ವಿವರವಾದ ಪರೀಕ್ಷೆಗೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯ ಇದೆ.

ಕಡೂರು, ಅರಸೀಕೆರೆ ಕಡೆಯ ಓದುಗರಿಗೆ ಒಂದು ಮಾತು. ನಿಮ್ಮಲ್ಲಿ ಕ್ರಿಮಿಗಿಂತ ಲವಣದ ಚಿಂತೆ ಹೆಚ್ಚು. ಬೋರ್‌ವೆಲ್ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 1000 ಮಿಲಿಗ್ರಾಂ ಒಳಗಿದ್ದರೆ ಯೋಚನೆಯಿಲ್ಲ. 3000 ದಾಟಿದರೆ ಮರಿಯ ಹಿಕ್ಕೆ ನೀರಾಗುತ್ತದೆ, ಹೊಟ್ಟು ಒದ್ದೆಯಾಗುತ್ತದೆ. ಅಂಥ ನೀರಿಗೆ ಎಲೆಕ್ಟ್ರೋಲೈಟ್ ಪುಡಿ ಬೆರೆಸುವುದೆಂದರೆ ಉಪ್ಪಿನ ಮೇಲೆ ಉಪ್ಪು. ಮೊದಲ ಎರಡು ವಾರಕ್ಕೆ ಬೇಕಾಗುವುದು ದಿನಕ್ಕೆ ಕೆಲವೇ ಲೀಟರ್, ಬೇರೆ ಕಡೆಯಿಂದ ಸಿಹಿ ನೀರು ತಂದುಕೊಳ್ಳಿ.

ಕುದಿಸುವುದು ತಪ್ಪಲ್ಲ. 100 ಮರಿ ಮೊದಲ ದಿನ ಕುಡಿಯುವುದು ಒಂದರಿಂದ ಒಂದೂವರೆ ಲೀಟರ್, ವಾರದ ಕೊನೆಗೆ ಮೂರು ನಾಲ್ಕು ಲೀಟರ್. ಒಲೆಯ ಮೇಲೆ ಅಷ್ಟು ಕುದಿಸುವುದು ದೊಡ್ಡ ಕೆಲಸವೇನಲ್ಲ. ಆದರೆ ಕುದಿಸಿದ ನೀರಿಗೆ ಮುಂದಕ್ಕೆ ಕಾವಲಿಲ್ಲ, ಮೊದಲ ಮರಿ ಹಿಕ್ಕೆ ಹಾಕಿದ ಕ್ಷಣದಿಂದ ಅದು ಮತ್ತೆ ಕೆಡತೊಡಗುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ನೀರಲ್ಲಿ ಉಳಿದ ಕ್ಲೋರಿನ್ ತಟ್ಟೆಯಲ್ಲೂ ಕೆಲಸ ಮಾಡುತ್ತಿರುತ್ತದೆ. ಹಾಗಾಗಿ ನಮ್ಮ ಸಲಹೆ ಕ್ಲೋರಿನ್.

ಲೆಕ್ಕ ಹೀಗೆ. ಹೊಸ ಬ್ಲೀಚಿಂಗ್ ಪೌಡರ್‌ನಲ್ಲಿ ನೂರಕ್ಕೆ ಸುಮಾರು 33 ಭಾಗ ಕ್ಲೋರಿನ್ ಇರುತ್ತದೆ. ಒಂದು ಲೀಟರ್ ನೀರಿಗೆ 10 ಗ್ರಾಂ ಪುಡಿ ಹಾಕಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಕಲಕಿ, ಅರ್ಧ ಗಂಟೆ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಈ ತಿಳಿ ಒಂದು ಲೀಟರ್ ಕುಡಿಯುವ ನೀರಿಗೆ 1 ಮಿಲಿಲೀಟರ್, 20 ಲೀಟರ್ ಕ್ಯಾನಿಗೆ 20 ಮಿಲಿಲೀಟರ್. ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆಯಿರಿ, ಮುಚ್ಚಳದ ಅಳತೆ, ಕಣ್ಣಳತೆ ಬೇಡ. ಮುಚ್ಚಿ ಅರ್ಧ ಗಂಟೆ ಬಿಟ್ಟು ಮೂಸಿ ನೋಡಿ: ನಲ್ಲಿ ನೀರಿನಂಥ ತೆಳು ವಾಸನೆ ಬರಬೇಕು. ಏನೂ ವಾಸನೆ ಇಲ್ಲದಿದ್ದರೆ ನೀರಿನ ಕೊಳೆಯೇ ಕ್ಲೋರಿನ್ ತಿಂದಿದೆ ಎಂದರ್ಥ. ಪಲ್ಪಿಂಗ್ ಕಾಲದ ಬಾವಿ ನೀರಿನಲ್ಲಿ ಹೀಗಾಗುವುದೇ ಹೆಚ್ಚು. 20 ಲೀಟರ್ ಕ್ಯಾನಿಗೆ ಇನ್ನೊಂದು 10 ಮಿಲಿಲೀಟರ್ ಹಾಕಿ ಮತ್ತೆ ಅರ್ಧ ಗಂಟೆ ಕಾಯಿರಿ. ಹನಿ ಹಾಕಿ ಹಳದಿ ಬಣ್ಣ ನೋಡುವ ಕ್ಲೋರಿನ್ ಕಿಟ್ ಇದ್ದರೆ ಇನ್ನೂ ಒಳ್ಳೆಯದು. ಡ್ರಿಂಕರ್ ತಟ್ಟೆಯ ನೀರಿನಲ್ಲಿ ಲೀಟರಿಗೆ 2ರಿಂದ 3 ಮಿಲಿಗ್ರಾಂ ತೋರಿಸಬೇಕು. 5 ದಾಟಲು ಬಿಡಬೇಡಿ, ವಾಸನೆಗೆ ಮರಿ ಕುಡಿಯುವುದು ಕಡಿಮೆಯಾಗುತ್ತದೆ.

ಕೆಂಪು ನೀರಿಗೆ ಎಷ್ಟು ಕ್ಲೋರಿನ್ ಹಾಕಿದರೂ ದಂಡ. ಮಳೆಗಾಲದಲ್ಲಿ ಮೊದಲು ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ನಾಲ್ಕು ಮಡಿಕೆ ಹತ್ತಿ ಬಟ್ಟೆಯಲ್ಲಿ ಸೋಸಿ, ಆಮೇಲೆ ಹಾಕಿ. ಮಲೆನಾಡಿನ ತೇವಕ್ಕೆ ಬ್ಲೀಚಿಂಗ್ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಗಂಟುಗಂಟಾಗಿ, ಮೂಗಿಗೆ ಹೊಡೆಯದೆ ಇರುವ ಪುಡಿ ಬರೀ ಸುಣ್ಣ. ಹೋದ ವರ್ಷದ ಪ್ಯಾಕೆಟ್ ಎಸೆದು ಸಣ್ಣ ಪ್ಯಾಕೆಟ್ ಹೊಸದು ತಂದು, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿಡಿ. ಮಾಡಿಟ್ಟ ತಿಳಿಯನ್ನು ಕತ್ತಲಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ಆ ಬಾಟಲಿಗೆ ನಿಂಬೆರಸ, ವಿನೆಗರ್ ಯಾವುದನ್ನೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಪೊಟ್ಯಾಶ್ ಎಂದವರು ಹೇಳಿದ್ದು ಪೊಟ್ಯಾಸಿಯಂ ಪರ್ಮಾಂಗನೇಟ್ ಇರಬೇಕು. ಇಲ್ಲಿ ಕೈಮುಗಿದು ಹೇಳುವ ಮಾತೊಂದಿದೆ. ಕಾಫಿ ತೋಟದ ಮನೆಯಲ್ಲಿ ಪೊಟ್ಯಾಶ್ ಎಂದರೆ ಗೊಬ್ಬರದ ಮೂಟೆ, ಅದೂ ಕೆಂಪು ಹರಳೇ. ಕೆಲಸದವರಿಗೆ ಬಾಯಿಮಾತಲ್ಲಿ ಹೇಳಿದರೆ ಅದನ್ನೇ ಹಾಕಿಬಿಟ್ಟಾರು. ಗೊಬ್ಬರದ ಪೊಟ್ಯಾಶ್ ಮರಿಗೆ ವಿಷ. ಇನ್ನು ಪರ್ಮಾಂಗನೇಟ್ ಕೂಡ ಕುಡಿಯುವ ನೀರಿಗೆ ಬೇಡ. ತೆಳು ಗುಲಾಬಿ ಬಣ್ಣ ಬರುವಷ್ಟು ಹಾಕಿದರೆ ಹಿಕ್ಕೆ ತಾಗಿದ ಕೂಡಲೇ ಕಂದಾಗಿ ಅದರ ಶಕ್ತಿ ಮುಗಿಯುತ್ತದೆ, ಹೆಚ್ಚು ಹಾಕಿದರೆ ಕರಗದ ಹರಳು ಮರಿಯ ಬಾಯಿ, ಗಂಟಲು ಸುಡುತ್ತದೆ.

ಬೆಲ್ಲದ ನೀರು ಒಳ್ಳೆಯದೇ, ಮೂರು ನಾಲ್ಕು ಗಂಟೆ ಮಾತ್ರ. ಮೊಟ್ಟೆಯೊಡೆದ ಮರಿಯ ಹೊಟ್ಟೆಯಲ್ಲಿ ಉಳಿದ ಹಳದಿ ಭಾಗ ಎರಡು ಮೂರು ದಿನ ಅದನ್ನು ಜೀವಂತ ಇಡುತ್ತದೆ ನಿಜ. ಹ್ಯಾಚರಿಯಲ್ಲಿ ಕಳೆದ ಹೊತ್ತು, ಪೆಟ್ಟಿಗೆಯಲ್ಲಿ ಬಸ್ಸಿನಲ್ಲಿ ಬಂದ ಹೊತ್ತು ಎಲ್ಲ ಅದರಲ್ಲೇ ಕಳೆಯಬೇಕು. ನಿಮ್ಮ ಕೈಗೆ ಬರುವ ಹೊತ್ತಿಗೆ ಮರಿ ಬಾಯಾರಿರುತ್ತದೆ. ಕಾಲು ನೋಡಿ: ಮಿನುಗುವ, ತುಂಬಿದ ಕಾಲಿದ್ದರೆ ಪರವಾಗಿಲ್ಲ; ಚರ್ಮ ಒಣಗಿ ಸುಕ್ಕಾಗಿ ನರ ಎದ್ದು ಕಂಡರೆ ನೀರು ಬತ್ತಿದೆ. ಅಂಥ ಮರಿಗೆ ಲೀಟರಿಗೆ 50 ಗ್ರಾಂ ಸಕ್ಕರೆ ಅಥವಾ ಕರಗಿಸಿ ಬಟ್ಟೆಯಲ್ಲಿ ಸೋಸಿದ ಬೆಲ್ಲ ಕೊಟ್ಟರೆ ಬೇಗ ಚೇತರಿಸುತ್ತದೆ. ಆ ಹೊತ್ತು ಮುಗಿದ ಕೂಡಲೇ ಡ್ರಿಂಕರ್ ತೊಳೆದು ಬರೀ ನೀರಿಡಿ. ಬೆಲ್ಲದ ನೀರು ಬ್ರೂಡರ್ ಶಾಖಕ್ಕೆ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ, ಎದೆಯ ತುಪ್ಪಳಕ್ಕೆ ಅಂಟುತ್ತದೆ, ಹಿಕ್ಕೆ ಸಡಿಲವಾಗಿ ಹಿಂದೆ ಮೆತ್ತಿಕೊಳ್ಳುತ್ತದೆ. ಹಾಗೆ ಮೆತ್ತಿಕೊಂಡ ಮರಿ ಕಂಡರೆ ಎಳೆದು ಕೀಳಬೇಡಿ, ಚರ್ಮ ಹರಿಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ನೆನೆಸಿ ತೆಗೆದು, ಒರೆಸಿ, ಒಣಗಿಸಿಯೇ ಒಳಗೆ ಬಿಡಿ. ವಿಟಮಿನ್, ಎಲೆಕ್ಟ್ರೋಲೈಟ್ ಕೊಡುವುದಿದ್ದರೆ ಬೆಳಗಿನ ನೀರಿಗೆ ಮಾತ್ರ, ಪ್ಯಾಕೆಟ್ ಮೇಲಿನ ಅಳತೆಯಲ್ಲಿ, ನಾಲ್ಕು ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ.

ನೀರಿನ ಬಿಸುಪು ನಿಮ್ಮ ಊರಿನಲ್ಲಿ ಬಹಳ ಮುಖ್ಯ. ಹತ್ತು ದಿನದೊಳಗಿನ ಮರಿಗೆ ತನ್ನ ಮೈಶಾಖ ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ಮಾಗಿಯ ಬೆಳಗ್ಗೆ ಟ್ಯಾಂಕಿನಿಂದ ಬಿಟ್ಟ ಕೊರೆಯುವ ನೀರನ್ನು ಕುಡಿದ ಮರಿ ಒಳಗಿನಿಂದಲೇ ತಣ್ಣಗಾಗುತ್ತದೆ, ಬಲ್ಬಿನಡಿ ಹೋಗಿ ಗುಂಪುಗಟ್ಟಿ ಮತ್ತೆ ನೀರಿನ ಕಡೆ ಬರುವುದೇ ಇಲ್ಲ. ಮಳೆಗಾಲದಲ್ಲೂ ಇದೇ ಕಥೆ. ನೀರು 20ರಿಂದ 25 ಡಿಗ್ರಿ ಇರಬೇಕು. ಹಿಂದಿನ ರಾತ್ರಿಯೇ ಕ್ಯಾನನ್ನು ಬ್ರೂಡರ್ ಇರುವ ಕೋಣೆಯಲ್ಲಿ ಮುಚ್ಚಿಟ್ಟರೆ ಸಾಕಾಗುತ್ತದೆ. ಇಲ್ಲದಿದ್ದರೆ ಕುದಿಸಿದ ನೀರು ಸ್ವಲ್ಪ ಬೆರೆಸಿ, ಮಣಿಕಟ್ಟಿನ ಮೇಲೆ ಹನಿಸಿದಾಗ ಕೊರೆಯದಂತಿದ್ದರೆ ಕೊಡಿ.

ಮರಿ ಬರುವ ದಿನದ ಕೆಲಸ. ಅವು ಬರುವ 24 ಗಂಟೆ ಮೊದಲೇ ಬ್ರೂಡರ್ ಹಚ್ಚಿ, ಒಂದು ಗಂಟೆ ಮೊದಲು ಡ್ರಿಂಕರ್ ಇಡಿ. ಪೆಟ್ಟಿಗೆಯಿಂದ ತೆಗೆಯುವಾಗ ಮರಿಯ ಕೊಕ್ಕಿನ ತುದಿಯನ್ನು ನೀರಿಗೆ ತಾಗಿಸಿ, ಮೂಗಿನ ತೂತು ಮುಳುಗಬಾರದು. ಮರಿ ತಲೆಯೆತ್ತಿ ನುಂಗಿದ್ದು ಕಂಡ ಮೇಲೆ ಡ್ರಿಂಕರ್ ಪಕ್ಕದಲ್ಲೇ ಬಿಡಿ. ನೂರಕ್ಕೂ ಹೀಗೆ ಮಾಡಲು ಅರ್ಧ ಗಂಟೆ ಸಾಕು. ಅಷ್ಟು ಬಿಡುವಿಲ್ಲದಿದ್ದರೆ ಇಪ್ಪತ್ತಕ್ಕಾದರೂ ಮಾಡಿ, ಉಳಿದವು ನೋಡಿ ಕಲಿಯುತ್ತವೆ. ಎರಡು ಗಂಟೆ ಬರೀ ನೀರು, ಆಮೇಲೆ ಪೇಪರ್ ಮೇಲೆ ಜೋಳದ ನುಚ್ಚು ಅಥವಾ ಮರಿ ಫೀಡ್ ಉದುರಿಸಿ. ಮೊದಲ ಮೂರು ರಾತ್ರಿ ಬೆಳಕು ಆರಬಾರದು. ಕತ್ತಲಲ್ಲಿ ಮರಿ ನೀರು ಹುಡುಕುವುದಿಲ್ಲ, ಒಂದರ ಮೇಲೊಂದು ಬೀಳುತ್ತದೆ. ಕರೆಂಟ್ ನಂಬುವಂತಿಲ್ಲದ ಕಡೆ ಚಾರ್ಜರ್ ಲೈಟೂ ಕೆಂಡದ ಮಡಕೆಯೂ ಸಿದ್ಧವಿರಲಿ.

ಆ ರಾತ್ರಿ ಮಲಗುವ ಮುಂಚೆ ಹತ್ತು ಹದಿನೈದು ಮರಿಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡು, ಕತ್ತಿನ ಬುಡದ ಬಲಗಡೆ ಇರುವ ಮೇವಿನ ಚೀಲವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮುಟ್ಟಿ. ಮೆತ್ತಗೆ, ನೆನೆದ ಅವಲಕ್ಕಿ ಉಂಡೆಯ ಹಾಗೆ ಸಿಕ್ಕರೆ ಮೇವೂ ನೀರೂ ಎರಡೂ ಸೇರಿದೆ. ಒಳಗಿನ ನುಚ್ಚು ಕಾಳುಕಾಳಾಗಿ ಗಟ್ಟಿಯಾಗಿ ತಾಗಿದರೆ ತಿಂದಿದೆ, ಕುಡಿದಿಲ್ಲ; ನೀರು ಸಿಗುತ್ತಿಲ್ಲ ಅಥವಾ ತೀರ ತಣ್ಣಗಿದೆ. ಬಲೂನಿನಂತೆ ಜುಳುಗುಟ್ಟಿದರೆ ಬರೀ ನೀರು ಕುಡಿದಿದೆ. ಖಾಲಿ ಇದ್ದರೆ ಅದನ್ನು ಬೇರೆ ಮಾಡಿ ಮತ್ತೆ ಕೊಕ್ಕು ಅದ್ದಿಸಿ. ಮರುದಿನ ಇದೇ ಹೊತ್ತಿಗೆ ನೂರಕ್ಕೆ 95ರ ಚೀಲವಾದರೂ ತುಂಬಿರಬೇಕು. ನೀರಿನ ಬಗ್ಗೆ ಇಷ್ಟು ನಿಖರವಾಗಿ ಹೇಳುವ ಪರೀಕ್ಷೆ ಇನ್ನೊಂದಿಲ್ಲ, ದುಡ್ಡೂ ಬೇಡ.

ತೊಳೆಯುವುದಕ್ಕೆ ಎರಡು ಜೊತೆ ಡ್ರಿಂಕರ್ ಇರಲೇಬೇಕು: ಮೂರು ಒಳಗೆ, ಮೂರು ತೊಳೆದು ಒಣಗುತ್ತಿರುವುದು. ದಿನಕ್ಕೆ ಮೂರು ಸಲ ನೀರು ಬದಲಿಸಿ, ದಿನಕ್ಕೊಮ್ಮೆ ಪಾತ್ರೆ ಬದಲಿಸಿ. ಹಳೆಯ ನೀರನ್ನು ಬ್ರೂಡರ್ ಒಳಗೆ ಚೆಲ್ಲದೆ ಹೊರಗೆ ಒಯ್ದು ಸುರಿಯಿರಿ. ತಟ್ಟೆಯ ಒಳಗೋಡೆಯ ಮೇಲೆ ಬೆರಳು ಎಳೆಯಿರಿ. ಬೆಂಡೆಕಾಯಿ ಕೊಯ್ದ ಕೈಯಂತೆ ಜಾರಿದರೆ ಲೋಳೆ ಕಟ್ಟಿದೆ. ಬರೀ ನೀರಿನಲ್ಲಿ ತೊಳೆದರೆ ಅದು ಹೋಗುವುದಿಲ್ಲ, ಲೋಳೆಯ ಅಡಿ ಕ್ರಿಮಿಗಳು ಕ್ಲೋರಿನ್ನಿಗೂ ಸಿಗದೆ ಕೂತಿರುತ್ತವೆ. ಬ್ರಶ್ಶಿನಿಂದ ಉಜ್ಜಿ, ಆಮೇಲೆ 10 ಲೀಟರ್ ಬಕೆಟ್ ನೀರಿಗೆ 6 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಹತ್ತು ನಿಮಿಷ ಮುಳುಗಿಸಿ, ತೊಳೆದು ಬಿಸಿಲಿಗಿಡಿ. ಜುಲೈಯಲ್ಲಿ ಬಿಸಿಲೆಲ್ಲಿ ಎಂದರೆ ಬಚ್ಚಲೊಲೆಯ ಪಕ್ಕ ಬೋರಲು ಹಾಕಿ, ಒಣಗುವುದು ಮುಖ್ಯ.

ಡ್ರಿಂಕರ್ ಸುತ್ತ ಹೊಟ್ಟು ಒದ್ದೆಯಾದರೆ ಅಷ್ಟನ್ನು ಮೊಗೆದು ತೆಗೆದು ಹೊಸದು ಹಾಕಿ. ಒದ್ದೆ ಹೊಟ್ಟೇ ರಕ್ತಭೇದಿಯ, ಅಂದರೆ ಕಾಕ್ಸಿಡಿಯೋಸಿಸ್‌ನ ತವರು. ಅದರ ಫಲ ಕಾಣುವುದು ಎರಡು ಮೂರು ವಾರದ ನಂತರ, ಆಗ ಜನ ನೀರನ್ನು ಅನುಮಾನಿಸುವುದೇ ಇಲ್ಲ. ಒಂದು ವಾರ ಆದ ಮೇಲೆ ಎರಡು ಇಟ್ಟಿಗೆ, ಮೇಲೊಂದು ಚೌಕ ಜಾಲರಿ ಇಟ್ಟು ಅದರ ಮೇಲೆ ಡ್ರಿಂಕರ್ ಇಟ್ಟರೆ ಚೆಲ್ಲಿದ್ದು ಮರಿಯ ಕಾಲಿಗೆ ತಾಗುವುದಿಲ್ಲ.

ನೀರಿನಲ್ಲಿ ಲಸಿಕೆ ಕೊಡುವ ದಿನ ಕ್ಲೋರಿನ್ ಹಾಕಬಾರದು ಎಂಬುದನ್ನು ಮರೆಯಬೇಡಿ. 5ರಿಂದ 7ನೇ ದಿನದ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಕಣ್ಣಿಗೆ ಹನಿಸುವುದು, ಅದಕ್ಕೆ ಈ ಚಿಂತೆಯಿಲ್ಲ. 14ನೇ ದಿನದ ಗುಂಬೊರೋ ಲಸಿಕೆಯನ್ನು ನೀರಿನಲ್ಲಿ ಕೊಡುವುದಾದರೆ ಹಿಂದಿನ ಎರಡು ದಿನ, ಮುಂದಿನ ಒಂದು ದಿನ ಕುದಿಸಿ ಆರಿಸಿದ ನೀರು ಕೊಡಿ. ಲೀಟರಿಗೆ 2ರಿಂದ 3 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕಲಸಿ, ಕಾಲು ಗಂಟೆ ಬಿಟ್ಟು, ಆಮೇಲೆ ಲಸಿಕೆ ಬೆರೆಸಿ. ಒಂದರಿಂದ ಎರಡು ಗಂಟೆಯಲ್ಲಿ ಕುಡಿದು ಮುಗಿಸುವಷ್ಟೇ ನೀರು ಸಾಕು. ಕ್ಲೋರಿನ್ ಉಳಿದ ನೀರಿಗೆ ಬಿದ್ದ ಜೀವಂತ ಲಸಿಕೆ ಸತ್ತುಹೋಗುತ್ತದೆ.

ಮೊದಲ ದಿನದಿಂದಲೇ ಆಂಟಿಬಯೋಟಿಕ್ ಪುಡಿ ಹಾಕಿ ಎಂದು ಯಾರಾದರೂ ಕೊಟ್ಟರೆ ಪಶುವೈದ್ಯರನ್ನು ಕೇಳದೆ ಹಾಕಬೇಡಿ. ಕೊಲಿಸ್ಟಿನ್ ಎಂಬ ಔಷಧಿಯನ್ನಂತೂ ಕೇಂದ್ರ ಸರ್ಕಾರ 2019ರಲ್ಲಿ ಕೋಳಿ, ಜಾನುವಾರುಗಳಿಗೆ ಬಳಸದಂತೆ ನಿಷೇಧಿಸಿದೆ. ಹಳೆಯ ಪ್ಯಾಕೆಟ್ ಎಲ್ಲಾದರೂ ಉಳಿದಿದ್ದರೆ ತೆಗೆದುಕೊಳ್ಳಬೇಡಿ.

ಇಷ್ಟೆಲ್ಲ ಮಾಡಿಯೂ ಮೂರನೇ ದಿನಕ್ಕೆ ಐದಾರು ಸತ್ತರೆ ಊಹೆ ಮಾಡುತ್ತಾ ಕೂರಬೇಡಿ. ಆಗತಾನೇ ಸತ್ತ ಎರಡು ಮೂರು ಮರಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಮಂಜುಗಡ್ಡೆ ತುಂಬಿದ ಡಬ್ಬದಲ್ಲಿಟ್ಟು ಅದೇ ದಿನ ತಾಲ್ಲೂಕು ಪಶು ಆಸ್ಪತ್ರೆಗೆ ಅಥವಾ ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಮುಟ್ಟಿಸಿ. ಜೊತೆಗೆ ಡ್ರಿಂಕರ್ ತಟ್ಟೆಯ ನೀರು ಒಂದು ಶುಚಿಯಾದ ಬಾಟಲಿಯಲ್ಲಿ, ಬಾವಿಯ ನೀರು ಇನ್ನೊಂದರಲ್ಲಿ ಒಯ್ಯಿರಿ, ಯಾವುದು ಯಾವುದೆಂದು ಮೇಲೆ ಬರೆದಿರಲಿ. ಮರಿಗಳನ್ನು ಫ್ರೀಜರ್‌ನಲ್ಲಿ ಗಟ್ಟಿಯಾಗಿಸಬೇಡಿ, ಒಳಗಿನ ಅಂಗಾಂಶ ಒಡೆದು ಕಾರಣ ಪತ್ತೆಯಾಗುವುದಿಲ್ಲ.